ಕಪ್ಪುಪೆಟ್ಟಿಗೆಗೂ ಮೊದಲು

ಅಪಘಾತವಾದಾಗ ಕಪ್ಪುಪೆಟ್ಟಿಗೆ ಹುಡುಕುತ್ತಾರೆ (ಅದರ ಬಣ್ಣ ಕಿತ್ತಳೆ, ಅದಿರಲಿ). ನಾನು ದಿನವೂ ನೋಡುವುದು ಏನೂ ಆಗದೆ ಇಳಿದ ವಿಮಾನಗಳ ದಾಖಲೆ. ವೇಗ, ಎತ್ತರ, ಇಳಿಯುವ ರಭಸ ಮಿತಿ ಮೀರಿದ್ದರೆ ಕಂಪ್ಯೂಟರ್ ಗುರುತು ಹಾಕಿರುತ್ತದೆ.

2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ ತೀರಿಕೊಂಡರು. ವಿಮಾನ ಇರಬೇಕಾದ್ದಕ್ಕಿಂತ ತೀರಾ ಎತ್ತರದಲ್ಲಿತ್ತು. ಸಹಪೈಲಟ್ ಮೂರು ಸಲ ‘ಗೋ ಅರೌಂಡ್’ ಎಂದರೂ ಕ್ಯಾಪ್ಟನ್ ಇಳಿಸಲು ಹೊರಟರು ಎಂದಿತು ತನಿಖೆ. ಇಂಥ ಅವಸರದ ಇಳಿತ ಬೇರೆ ದಿನ ಸುಖವಾಗಿಯೇ ಮುಗಿದುಬಿಡಬಹುದು. ಪ್ರಯಾಣಿಕರಿಗೆ ಗೊತ್ತಾಗುವುದಿಲ್ಲ, ನಮ್ಮ ಗ್ರಾಫಿಗೆ ಗೊತ್ತಾಗುತ್ತದೆ.

ಆಗ ಪೈಲಟನ್ನು ಕರೆದು ಬೈದರೆ ಕೆಲಸ ಕೆಟ್ಟಿತು, ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ಗ್ರಾಫ್ ಮುಂದಿಟ್ಟು, “ಯಾಕೆ ಹೀಗಾಯ್ತು ಸರ್? ಹಿಂಗಾಳಿ ಇತ್ತಾ? ಎಟಿಸಿ ತಡವಾಗಿ ಇಳಿಸಿತಾ?” ಅಂತ ಕೇಳಬೇಕು. ಆ ಉತ್ತರವೇ ಸಿಮ್ಯುಲೇಟರಿನಲ್ಲಿ ಮುಂದಿನ ಪಾಠ.