ಲೋರ್ಕಾ ಎಂಬ ನಾಟಕದವನು

ಫೆದೆರಿಕೋ ಗಾರ್ಸಿಯಾ ಲೋರ್ಕಾ ಯಾರೆಂದು ನಾಟಕದ ಮಂದಿಗೆ ನಾನು ಹೇಳಬೇಕಾಗಿಲ್ಲ. ಸ್ಪೇನಿನ ಗ್ರನಾಡಾ ಸೀಮೆಯವನು, 1898ರಲ್ಲಿ ಹುಟ್ಟಿದ. ಕವಿ, ನಾಟಕಕಾರ, ಪಿಯಾನೋ ಚೆನ್ನಾಗಿ ನುಡಿಸುತ್ತಿದ್ದ, ಸಲಿಂಗಪ್ರೇಮಿ. ಮೂವತ್ತೆಂಟನೆಯ ವಯಸ್ಸಿಗೆ ಗುಂಡಿಟ್ಟು ಕೊಂದರು. 'ರಕ್ತವಿವಾಹ', 'ಯೆರ್ಮಾ' ನಾಟಕಗಳೆಲ್ಲ ನಿಮಗೆ ಗೊತ್ತಿರುವವೇ. ಈ ಸ್ಟುಡಿಯೋದಲ್ಲಿ ನನಗೆ ಕೊಟ್ಟಿರುವುದು ಐದು ನಿಮಿಷ, ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ.

ನಾನು ಬೆಂಗಳೂರಿನ ಗಾಂಧಿನಗರದವನು. ಗುಬ್ಬಿ ವೀರಣ್ಣನವರ ಥಿಯೇಟರಿನ ಆಸುಪಾಸಿನಲ್ಲಿ ಬೆಳೆದವನಿಗೆ ನಾಟಕವೆಂದರೆ ಹಾರ್ಮೋನಿಯಂ, ಜರಿ ಪರದೆ, ಒನ್ಸ್ ಮೋರ್. ಆಮೇಲೆ ಹವ್ಯಾಸಿ ತಂಡವೊಂದಕ್ಕೆ ಸೇರಿಕೊಂಡೆ. ಸಿನಿಮಾ ಹಂಚಿಕೆದಾರರೊಬ್ಬರ ಆಫೀಸಿನ ಮಹಡಿಯಲ್ಲಿ ನಮ್ಮ ತಾಲೀಮು. ಸಂಜೆ ಏಳಾದ ಮೇಲೆ ಫಿಲಂ ಡಬ್ಬಗಳನ್ನು ಗೋಡೆಗೆ ಒತ್ತರಿಸಿ ಲೋರ್ಕಾನ 'ಬರ್ನಾರ್ಡಾ ಆಲ್ಬಾಳ ಮನೆ' ಶುರು ಮಾಡುತ್ತಿದ್ದೆವು. ಗಂಡ ಸತ್ತನೆಂದು ಎಂಟು ವರ್ಷದ ಸೂತಕ ಹೇರಿ, ಐದು ಹೆಣ್ಣುಮಕ್ಕಳನ್ನು ಮನೆಯೊಳಗೆ ಕೂಡಿಹಾಕುವ ತಾಯಿಯ ಕತೆ. ರಂಗದ ಮೇಲೆ ಒಬ್ಬ ಗಂಡಸೂ ಕಾಲಿಡುವುದಿಲ್ಲ.

ಆ ಮನೆಯಲ್ಲಿ ಬೀಗ ಹಾಕಿಟ್ಟ ಒಬ್ಬ ಅಜ್ಜಿ ಇದ್ದಾಳೆ. ಮೂರನೆಯ ಅಂಕದಲ್ಲಿ ತಪ್ಪಿಸಿಕೊಂಡು ಬರುತ್ತಾಳೆ, ಕಂಕುಳಲ್ಲಿ ಕುರಿಮರಿ, ಅದೇ ತನ್ನ ಕೂಸಂತೆ. ಆ ಪಾತ್ರಕ್ಕೆ ಕಂಪನಿ ನಾಟಕದಲ್ಲಿ ಪಳಗಿದ ಹಿರಿಯರೊಬ್ಬರನ್ನು ಕರೆತಂದಿದ್ದೆವು. ನಮ್ಮ ನಿರ್ದೇಶಕ ಹುಡುಗ "ಅಮ್ಮಾ, ಕಂಪನಿ ಶೈಲಿ ಬೇಡ, ಸ್ವಲ್ಪ ಕಡಿಮೆ ಮಾಡಿ" ಅಂದ. ಆಯಮ್ಮ ಮಾತಾಡಲಿಲ್ಲ. ಟವೆಲ್ ಸುತ್ತಿ ಮರಿ ಮಾಡಿಕೊಂಡರು, ಎಡಗೈಯಲ್ಲಿ ಅದರ ಕತ್ತಿಗೆ ಆಸರೆ ಕೊಟ್ಟರು, ಹೆಬ್ಬೆರಳಿನಿಂದ ಅದರ ಕಟವಾಯಿಯ ಹಾಲು ಒರೆಸಿದರು. ಮಹಡಿಯಲ್ಲಿ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಹೇಳಿದರು, "ನೋಡಪ್ಪಾ, ಈ ಮನೇಲಿ ನಿಜ ಹೇಳೋಳು ಇವಳೊಬ್ಬಳೇ. ಕಡಿಮೆ ಯಾಕೆ ಮಾಡ್ಲಿ?" ಲೋರ್ಕಾನ ಮೇಲೆ ಆಮೇಲೆ ನಾನು ಓದಿದ ಪುಸ್ತಕ ಯಾವುದೂ ನನಗೆ ಇಷ್ಟು ಹೇಳಿಕೊಡಲಿಲ್ಲ.

ಕಂಪನಿ ಎಂದೆನಲ್ಲ, ಲೋರ್ಕಾನೂ ತಂಡ ಕಟ್ಟಿಕೊಂಡು ಊರೂರು ತಿರುಗಿದವನೇ. 1932ರಲ್ಲಿ ಸ್ಪೇನಿನ ಗಣರಾಜ್ಯ ಸರ್ಕಾರ ದುಡ್ಡು ಕೊಟ್ಟಿತು. ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು 'ಲಾ ಬರ್ರಾಕಾ' ಎಂಬ ಹೆಸರಿನಲ್ಲಿ ಲಾರಿ ಹತ್ತಿ, ಹಳ್ಳಿಯ ಚೌಕಗಳಲ್ಲಿ ಸರ್ವಾಂಟಿಸ್, ಲೋಪೆ ದೆ ವೇಗಾರ ಹಳೆಯ ನಾಟಕಗಳನ್ನಾಡಿದರು. ನೀನಾಸಂ ತಿರುಗಾಟ ಕಂಡವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಆ ತಂಡದ ಕಾರ್ಯದರ್ಶಿ ರಾಫಾಯೆಲ್ ರೋದ್ರಿಗೆಸ್ ರಾಪೂನ್, ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ. ಲೋರ್ಕಾ ಅವನನ್ನು ಪ್ರೀತಿಸಿದ. ಆ ದಿನಗಳಲ್ಲಿ ಬರೆದ ಪ್ರೇಮದ ಸಾನೆಟ್ಟುಗಳು ಅಚ್ಚಾದದ್ದು 1983–84ರಲ್ಲಿ. ಹೆಚ್ಚುಕಡಿಮೆ ಅರ್ಧ ಶತಮಾನ ಪೆಟ್ಟಿಗೆಯಲ್ಲಿ!

ಲೋರ್ಕಾ ತನ್ನ ಆಸೆಯನ್ನು ಹೆಂಗಸರ ಬಾಯಿಂದ ಆಡಿಸಿದ ಎಂದು ವಿಮರ್ಶಕರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬಚ್ಚಿಡುವವನಾಗಿದ್ದರೆ 1930ರಲ್ಲೇ 'ಪ್ರೇಕ್ಷಕರು' ಎಂಬ ನಾಟಕದಲ್ಲಿ ಗಂಡಸರಿಬ್ಬರ ಪ್ರೇಮವನ್ನು ನೇರವಾಗಿ ಬರೆಯುತ್ತಿದ್ದನೇ? ಅದರಲ್ಲಿ ಜೂಲಿಯೆಟ್ ಪಾತ್ರವನ್ನು ಹುಡುಗನೊಬ್ಬ ಮಾಡಿದ್ದಾನೆಂದು ತಿಳಿದು ಜನ ದಂಗೆ ಏಳುತ್ತಾರೆ. ಸ್ತ್ರೀಪಾತ್ರದ ಗಂಡಸರಿಗೆ ಚಪ್ಪಾಳೆ ತಟ್ಟಿದ ನಮ್ಮೂರಿನಲ್ಲಿ ಆ ನಾಟಕ ಆಡಿದರೆ ಏನಾಗುತ್ತದೆಂದು ನನಗೆ ಕುತೂಹಲ. ಅದು ದೊಡ್ಡ ರಂಗಮಂದಿರಕ್ಕೆ ಬಂದದ್ದು 1986ರಲ್ಲಿ, ಮಿಲಾನಿನಲ್ಲಿ.

ಲೋರ್ಕಾ ಹುಟ್ಟಿದ ಅದೇ 1898ರಲ್ಲಿ ನಮ್ಮ ಯಳಂದೂರಿನ ಕಡೆ ಸಂಸ ಹುಟ್ಟಿದರು, 'ವಿಗಡ ವಿಕ್ರಮರಾಯ' ನಾಟಕದ ಸಂಸ. ಪೊಲೀಸರು ಬೆನ್ನು ಹತ್ತಿದ್ದಾರೆಂಬ ಭಯದಲ್ಲೇ ಬದುಕಿ 1939ರಲ್ಲಿ ಪ್ರಾಣ ಕಳೆದುಕೊಂಡರು. ಬರೆದದ್ದು 23 ನಾಟಕ, ಉಳಿದದ್ದು 6. ಇವರಿಬ್ಬರನ್ನೂ ಪಕ್ಕಪಕ್ಕದಲ್ಲಿಟ್ಟು ಒಂದು ಭಾಷಣವನ್ನೇ... ಇಲ್ಲ, ಎರಡೇ ನಿಮಿಷ ಎಂದು ಗಾಜಿನಾಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ.

ಲೋರ್ಕಾನ ಬೆನ್ನು ಹತ್ತಿದವರು ಭ್ರಮೆಯಲ್ಲ. 1936ರ ಜೂನಿನಲ್ಲಿ 'ಬರ್ನಾರ್ಡಾ' ಬರೆದು ಮುಗಿಸಿದ. ಜುಲೈಯಲ್ಲಿ ಸೈನ್ಯ ದಂಗೆ ಎದ್ದಿತು. ಆಗಸ್ಟ್ 16ರಂದು, ಗ್ರನಾಡಾದ ಮೇಯರ್ ಆಗಿದ್ದ ಅವನ ತಂಗಿಯ ಗಂಡನನ್ನು ಕೊಂದ ದಿನವೇ, ಗೆಳೆಯನ ಮನೆಯಲ್ಲಿ ಅಡಗಿದ್ದವನನ್ನು ಹಿಡಿದರು. ಕೆಲವೇ ದಿನದಲ್ಲಿ ಊರಾಚೆ ಒಬ್ಬ ಶಾಲಾ ಮಾಸ್ತರು, ಇಬ್ಬರು ಗೂಳಿಕಾಳಗದವರ ಜೊತೆ ಗುಂಡಿಟ್ಟರು. ಎಡಪಂಥದ ನಂಟು ಒಂದು ಕಾರಣ. ಅವನು ಸಲಿಂಗಪ್ರೇಮಿ ಎಂಬುದನ್ನೂ ಪೊಲೀಸರು 1965ರ ವರದಿಯಲ್ಲಿ ಬರೆದಿಟ್ಟಿದ್ದಾರೆ. 2009ರಲ್ಲಿ ನೆಲ ಅಗೆದರು, ಅವನ ಮೂಳೆ ಸಿಗಲಿಲ್ಲ. ರಾಪೂನ್ ಒಂದು ವರ್ಷದ ಮೇಲೆ ಅಂತರ್ಯುದ್ಧದಲ್ಲಿ ಗಾಯಗೊಂಡು ತೀರಿಕೊಂಡ. 'ಬರ್ನಾರ್ಡಾ' ಮೊದಲ ಬಾರಿ ಆಡಿದ್ದು 1945ರಲ್ಲಿ, ಬ್ಯೂನಸ್ ಐರಿಸ್‌ನಲ್ಲಿ.

ಯೆರ್ಮಾ ಬಗ್ಗೆ ಹೇಳಲಾಗಲಿಲ್ಲ, ಲೋರ್ಕಾನ ಬೊಂಬೆಯಾಟಗಳ ಸುದ್ದಿಯನ್ನೇ ಎತ್ತಲಿಲ್ಲ. ಒಂದು ಮಾತು. ಎಲ್ಲಾದರೂ 'ಬರ್ನಾರ್ಡಾ' ಆಡುತ್ತಿದ್ದರೆ ಹೋಗಿ ನೋಡಿ. ಮೆಜೆಸ್ಟಿಕ್‌ನಿಂದ ಕೊನೆಯ ಬಸ್ಸು ತಪ್ಪೀತೆಂದು ಮೂರನೆಯ ಅಂಕಕ್ಕೆ ಮೊದಲು ಎದ್ದು ಬರಬೇಡಿ.