ಎದೆಯಲ್ಲಿ ಹಾಲು ಕಟ್ಟಿದಾಗ



ಇಂದು ನಾನು ತಮ್ಮ ಮುಂದಿಡಲಿರುವ ವಿಷಯ ಬಾಣಂತಿಯ ಕೋಣೆಗೆ ಸೇರಿದ್ದು. ಇಂಥ ಮಾತು ಬಂದೊಡನೆ ಗಂಡಸರು ಎದ್ದು ಜಗುಲಿಗೆ ಹೋಗಿ ಎಲೆ ಅಡಿಕೆ ಹಾಕಿಕೊಳ್ಳುವುದು ನಮ್ಮಲ್ಲಿ ರೂಢಿ. ದಯಮಾಡಿ ಇಂದು ಹಾಗೆ ಮಾಡಬಾರದು. ನಾನು ಹೇಳಲಿರುವ ತೊಂದರೆಯಲ್ಲಿ ನಡುರಾತ್ರಿ ಚಳಿಜ್ವರದಿಂದ ನಡುಗುವವಳು ಹೆಂಡತಿಯೇ ಆದರೂ, ಬೆಳಗಾದ ಮೇಲೆ ಆಕೆಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕೆ ಬೇಡವೆ, ಮಗುವಿಗೆ ಸೀಸೆಯ ಹಾಲು ಹಿಡಿಯಬೇಕೆ ಬೇಡವೆ ಎಂದು ತೀರ್ಮಾನಿಸುವವರು ಬಹುಪಾಲು ಮನೆಗಳಲ್ಲಿ ಗಂಡ, ಅತ್ತೆ ಅಥವಾ ತವರಿನ ತಾಯಿ. ತೀರ್ಮಾನಿಸುವವರಿಗೆ ವಿಷಯ ತಿಳಿದಿರುವುದು ಅವಶ್ಯಕವಲ್ಲವೆ?

ಹೆರಿಗೆಯಾದ ಎರಡು ಮೂರು ದಿನಗಳ ತರುವಾಯ ಎರಡೂ ಎದೆಗಳು ತುಂಬಿ ಬಿಗಿಯುವುದು ಸ್ವಾಭಾವಿಕ. ಮಗುವಿಗೆ ಹಸಿವಾದಾಗಲೆಲ್ಲ ಕುಡಿಸುತ್ತಿದ್ದರೆ ಒಂದೆರಡು ದಿನಗಳಲ್ಲಿ ಅದು ತಾನಾಗಿಯೇ ಸಡಿಲವಾಗುತ್ತದೆ. ನಾನು ಹೇಳುವುದು ಬೇರೊಂದು ಸ್ಥಿತಿಯನ್ನು ಕುರಿತು. ಎದೆಯ ಒಂದು ಭಾಗದಲ್ಲಿ ಮಾತ್ರ ಗೋಲಿಯಷ್ಟೋ ನಿಂಬೆಹಣ್ಣಿನಷ್ಟೋ ಗಟ್ಟಿಯಾದ ಗಂಟು ಕೈಗೆ ಸಿಗುತ್ತದೆ, ಮುಟ್ಟಿದರೆ ನೋಯುತ್ತದೆ, ಮೇಲಿನ ಚರ್ಮ ಸ್ವಲ್ಪ ಕೆಂಪಾಗಿರಬಹುದು, ಆ ಕಡೆಯಿಂದ ಹಾಲು ಸರಾಗವಾಗಿ ಇಳಿಯದೆ ಮಗು ಚೀಪಿ ಚೀಪಿ ಅಳುತ್ತದೆ. ಇದನ್ನೇ ನಮ್ಮ ಹೆಂಗಸರು ‘ಹಾಲು ಕಟ್ಟಿದೆ’ ಎನ್ನುತ್ತಾರೆ.

ಇದು ಏಕಾಗುತ್ತದೆ ಎಂಬುದನ್ನು ತಿಳಿಯಲು ಎದೆಯ ರಚನೆಯನ್ನು ಸ್ವಲ್ಪ ಅರಿಯಬೇಕು. ಸ್ತನದೊಳಗೆ ದ್ರಾಕ್ಷಿಯ ಗೊಂಚಲಿನಂತೆ ಅತಿ ಸಣ್ಣ ಚೀಲಗಳಿದ್ದು, ಹಾಲು ಅಲ್ಲಿ ತಯಾರಾಗುತ್ತದೆ. ಅಲ್ಲಿಂದ ಕೂದಲಿನಂಥ ನಾಳಗಳು ಹೊರಟು, ಒಂದರೊಡನೊಂದು ಕೂಡಿಕೊಂಡು ತೊಟ್ಟಿನತ್ತ ಸಾಗುತ್ತವೆ. ತೊಟ್ಟಿನ ತುದಿಯಲ್ಲಿ ಒಂದೇ ರಂಧ್ರವಲ್ಲ, ಹಲವು ರಂಧ್ರಗಳಿವೆ. ಮಗು ಚೀಪಿದಾಗ ತಾಯಿಯ ಮಿದುಳಿನ ಬುಡದ ಗ್ರಂಥಿಯಿಂದ ಎರಡು ರಸಗಳು ರಕ್ತಕ್ಕೆ ಸೇರುತ್ತವೆ. ಪ್ರೊಲ್ಯಾಕ್ಟಿನ್ ಎಂಬುದು ಹಾಲನ್ನು ತಯಾರಿಸುತ್ತದೆ, ಆಕ್ಸಿಟೋಸಿನ್ ಎಂಬುದು ಅದನ್ನು ಕೆಳಕ್ಕೆ ಇಳಿಸುತ್ತದೆ. ನೋವು, ಭಯ, ಮನೆಯವರ ಗದರಿಕೆ, ನಿದ್ದೆಗೇಡು ಇವು ಎರಡನೆಯ ರಸದ ಕೆಲಸವನ್ನು ತಡೆಯುತ್ತವೆ. ಹಾಲಿದ್ದರೂ ಇಳಿಯದಿರುವುದಕ್ಕೆ ಇದೂ ಒಂದು ಕಾರಣ.

ನಾಳದೊಳಗೆ ಹಾಲು ಹೆಪ್ಪುಗಟ್ಟಿ ಬಿರಡೆಯಂತೆ ಸಿಕ್ಕಿಕೊಂಡಿರುತ್ತದೆ, ಅದನ್ನು ಒತ್ತಿ ಹೊರಗೆ ತೆಗೆಯಬೇಕು ಎಂದು ಹಿಂದೆ ವೈದ್ಯರೂ ಭಾವಿಸಿದ್ದರು. ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ ಎಂಬ ವೈದ್ಯರ ಸಂಸ್ಥೆಯು 2022ರಲ್ಲಿ ಹೊರಡಿಸಿದ ಸೂಚನೆಗಳು ಈ ಭಾವನೆಯನ್ನು ತಿದ್ದಿವೆ. ನಾಳದ ಸುತ್ತಲಿನ ಭಾಗವು ಊದಿಕೊಂಡು ನಾಳವನ್ನು ಹೊರಗಿನಿಂದ ಒತ್ತುತ್ತದೆ, ಆದುದರಿಂದ ಹಾಲಿನ ದಾರಿ ಕಿರಿದಾಗುತ್ತದೆ ಎಂಬುದು ಈಗಿನ ತಿಳಿವಳಿಕೆ. ಬೇಸಾಯಗಾರರಾದ ತಮಗೆ ಇದನ್ನು ಹೇಳುವುದು ಸುಲಭ. ಕಾಲುವೆಯಲ್ಲಿ ಹೂಳು ತುಂಬಿ ನೀರು ನಿಲ್ಲುವುದು ಬೇರೆ, ನೀರು ಹಾಯಿಸುವ ರಬ್ಬರು ಕೊಳವೆಯ ಮೇಲೆ ಯಾರೋ ಕಾಲಿಟ್ಟು ನಿಂತಿರುವುದರಿಂದ ನೀರು ನಿಲ್ಲುವುದು ಬೇರೆ. ಮೊದಲನೆಯದಕ್ಕೆ ಗುದ್ದಲಿ ಬೇಕು. ಎರಡನೆಯದಕ್ಕೆ ಕಾಲು ತೆಗೆದರೆ ಸಾಕು. ಎದೆಯ ಗಂಟು ಎರಡನೆಯ ಜಾತಿಯದು. ಊತ ಇಳಿದರೆ ಹಾಲು ತಾನಾಗಿ ಹರಿಯುತ್ತದೆ.

ಆದುದರಿಂದಲೇ ಗಂಟನ್ನು ಬಲವಾಗಿ ತಿಕ್ಕುವುದು, ಹೆಬ್ಬೆರಳಿನಿಂದ ಒತ್ತಿ ಉಜ್ಜುವುದು, ಬಾಚಣಿಗೆಯಿಂದ ಎಳೆಯುವುದು, ಇವುಗಳನ್ನು ಕೂಡದೆಂದು ಹೇಳಬೇಕಾಗಿದೆ. ಬಾಣಂತಿಗೆ ಎಣ್ಣೆ ಹಚ್ಚಿ ನೀರೆರೆಯುವ ಹಿರಿಯ ಹೆಂಗಸರ ಕೈ ಬಹಳ ಗಟ್ಟಿ. ಅವರ ಅಕ್ಕರೆಯೂ ಅಷ್ಟೇ ಗಟ್ಟಿ ಎಂಬುದನ್ನು ನಾನು ಬಲ್ಲೆ. ಆದರೆ ಊದಿದ ಭಾಗವನ್ನು ತಿಕ್ಕಿದರೆ ಒಳಗಿನ ಸೂಕ್ಷ್ಮ ರಕ್ತನಾಳಗಳಿಗೆ ಪೆಟ್ಟಾಗಿ ಊತ ಮತ್ತಷ್ಟು ಏರುತ್ತದೆ. ಮುಟ್ಟಲೇಬೇಕೆಂದಿದ್ದರೆ ಎಳೆಗರುವಿನ ಮೈ ಸವರುವಷ್ಟು ಹಗುರವಾಗಿ, ತೊಟ್ಟಿನ ಕಡೆಯಿಂದ ಕಂಕುಳಿನತ್ತ ಚರ್ಮವನ್ನು ಮಾತ್ರ ಸವರಬಹುದು. ತೊಟ್ಟಿನ ತುದಿಯಲ್ಲಿ ಬಿಳಿಯ ಚುಕ್ಕೆ ಕಂಡರೆ ಸೂಜಿಯಿಂದ ಚುಚ್ಚಬಾರದು.

ಶಾಖದ ವಿಷಯವೂ ಹೀಗೆಯೇ. ಸುಡುವ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಮೇಲಿಂದ ಮೇಲೆ ಹಾಕಿದರೆ ಊತಕ್ಕೆ ರಕ್ತ ಇನ್ನೂ ಹೆಚ್ಚಾಗಿ ನುಗ್ಗುತ್ತದೆ. ತಂಪು ಊತವನ್ನು ಇಳಿಸುತ್ತದೆ. ಮಂಜುಗಡ್ಡೆ ಎಲ್ಲರ ಮನೆಯಲ್ಲಿಯೂ ಇರಲಾರದು. ಮಡಕೆಯ ತಣ್ಣೀರಿನಲ್ಲಿ ಶುಭ್ರವಾದ ಬಟ್ಟೆಯನ್ನು ಅದ್ದಿ ಹಿಂಡಿ, 10 ರಿಂದ 15 ನಿಮಿಷ ಗಂಟಿನ ಮೇಲಿಟ್ಟು, ಒಂದೆರಡು ಗಂಟೆಗೊಮ್ಮೆ ಹೀಗೆ ಮಾಡಬಹುದು. ಬಾಣಂತಿಗೆ ತಣ್ಣೀರು ಸೋಕಿದರೆ ಶೀತವಾಗುತ್ತದೆ, ಹಾಲಿನ ಮೂಲಕ ಅದು ಮಗುವಿಗೂ ಇಳಿಯುತ್ತದೆ ಎಂದು ಹಿರಿಯರು ಆಕ್ಷೇಪಿಸುವುದುಂಟು. ಎದೆಯ ಮೇಲಿನ ಒದ್ದೆ ಬಟ್ಟೆಯಿಂದ ಹಾಲು ತಣ್ಣಗಾಗುವುದಿಲ್ಲ. ಅದು ಮೈಯ ಬಿಸಿಯಲ್ಲಿಯೇ ಹೊರಬರುತ್ತದೆ. ಮಗುವಿಗೆ ನೆಗಡಿ ಬರುವುದು ನೆಗಡಿಯಾದವರು ಹತ್ತಿರ ಬಂದು ಮುದ್ದಿಸುವುದರಿಂದ. ಕುಡಿಸುವುದಕ್ಕೆ ಮುಂಚೆ ಸ್ವಲ್ಪ ಹೊತ್ತು ಬೆಚ್ಚನೆಯ ಬಟ್ಟೆ ಇಟ್ಟರೆ ಹಾಯೆನಿಸುತ್ತದೆ ಎಂದು ತಾಯಿ ಹೇಳಿದರೆ ಅಡ್ಡಿಯಿಲ್ಲ. ಬೆಚ್ಚಗಿರಲಿ, ಸುಡುವುದು ಬೇಡ. ಮಲ್ಲಿಗೆ ಹೂವನ್ನು ಎದೆಗೆ ಕಟ್ಟುವ ಪದ್ಧತಿ ನಮ್ಮ ಕಡೆ ಇದೆ. ಅದು ಹಾಲು ಬತ್ತಿಸುವುದಕ್ಕಾಗಿ ಮಾಡುವುದೇ ಹೊರತು ಗಂಟು ಕರಗಿಸುವುದಕ್ಕಲ್ಲ. ಕುಡಿಯುವ ಕೂಸಿರುವ ತಾಯಿಗೆ ಅದು ಬೇಡವೇ ಬೇಡ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತಿಗೆ ಬರುತ್ತೇನೆ. ಹಾಲು ಕಟ್ಟಿದ ಎದೆಯನ್ನು ಮಗುವಿಗೆ ಕೊಡಬೇಕೆ? ಕೊಡಲೇಬೇಕು. ಒಂದು ಮನೆಯನ್ನು ಊಹಿಸಿಕೊಳ್ಳಿ. ಗದ್ದೆಯಲ್ಲಿ ನಾಟಿಯ ಕಾಲ. ಮೂರು ತಿಂಗಳ ಕೂಸನ್ನು ಅಜ್ಜಿಯ ಬಳಿ ಬಿಟ್ಟು ಸೊಸೆ ಬೆಳಿಗ್ಗೆ ಹೋದವಳು ಮಧ್ಯಾಹ್ನ ಕಳೆದು ಬರುತ್ತಾಳೆ. ಎದೆ ಕಲ್ಲಿನಂತಾಗಿದೆ. ಸಂಜೆಗೆ ಗಂಟು, ರಾತ್ರಿಗೆ ಮೈ ಬಿಸಿ. ‘ಕೆಟ್ಟ ಹಾಲು, ಕೂಸಿಗೆ ಅಜೀರ್ಣವಾದೀತು’ ಎಂದು ಮಗುವನ್ನು ಆಕೆಯ ಮಡಿಲಿನಿಂದ ಎತ್ತಿಕೊಳ್ಳುತ್ತಾರೆ. ಪೇಟೆಯಿಂದ ಡಬ್ಬಿಯ ಪುಡಿ, ಸೀಸೆ, ರಬ್ಬರು ತೊಟ್ಟು ಬರುತ್ತವೆ. ನಾಲ್ಕು ದಿನಗಳಲ್ಲಿ ಮಗುವಿಗೆ ಭೇದಿ; ಇತ್ತ ತಾಯಿಯ ಎದೆಯಲ್ಲಿ ಹಾಲು ನಿಂತು ಕೀವು. ಇದರಲ್ಲಿ ಯಾರದೂ ದುರುದ್ದೇಶವಿಲ್ಲ. ಆದರೆ ಒಂದೇ ತೀರ್ಮಾನದಿಂದ ಇಬ್ಬರು ಹಾಸಿಗೆ ಹಿಡಿದರು.

ಹಾಲು ಕಟ್ಟಿದ ಎದೆಯ ಹಾಲು ಕೆಟ್ಟದ್ದಲ್ಲ. ರುಚಿ ತುಸು ಉಪ್ಪಾಗಿರಬಹುದು, ಆದುದರಿಂದ ಮಗು ಮೊದಲು ಮುಖ ತಿರುಗಿಸಬಹುದು. ಆದರೆ ಅದರಿಂದ ಕೇಡಿಲ್ಲ. ಹೀಗೆ ತಪ್ಪಾಗಿ ತಿಳಿಯುವುದು ನಮ್ಮಲ್ಲಿ ಹೊಸದೇನೂ ಅಲ್ಲ. ಹಸು ಈದಾಗ ಗಿಣ್ಣುಹಾಲನ್ನು ಬೆಲ್ಲ ಹಾಕಿ ಬೇಯಿಸಿ ನೆರೆಹೊರೆಗೆಲ್ಲ ಹಂಚುವ ನಾವೇ, ಹೆತ್ತ ತಾಯಿಯ ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಿಸುತ್ತಿದ್ದೆವಲ್ಲ!

ಹಸುವಿನ ಮಾತು ಬಂದುದರಿಂದ ಇನ್ನೊಂದು ವಿಷಯ. ಕೆಚ್ಚಲು ಬಾವು ಬಂದ ಹಸುವನ್ನು ಕರೆಯದೆ ಬಿಡಬಾರದೆಂದು ತಾವು ಬಲ್ಲಿರಿ. ಹೆಂಗಸಿಗೂ ಹಾಲು ನಿಲ್ಲಬಾರದು; ಅಲ್ಲಿಯವರೆಗೆ ಹೋಲಿಕೆ ಸರಿ. ಆದರೆ ಕೊನೆಯ ಹನಿಯವರೆಗೆ ಕರೆಯುವ ಕ್ರಮವನ್ನು ತಾಯಿಗೆ ಅನ್ವಯಿಸಬಾರದು. ಎದೆಯಿಂದ ಎಷ್ಟು ಹಾಲು ಹೋಗುತ್ತದೆಯೋ ಅಷ್ಟನ್ನು ದೇಹ ಮತ್ತೆ ತಯಾರಿಸುತ್ತದೆ. ಮಗುವಿಗೆ ಬೇಕಾದುದಕ್ಕಿಂತ ಹೆಚ್ಚಾಗಿ ಹಿಂಡಿದರೆ ಹಾಲು ಹೆಚ್ಚಿ, ಊತವೂ ಹೆಚ್ಚುತ್ತದೆ. ಎಂದಿನಂತೆ ಮಗು ಕೇಳಿದಾಗಲೆಲ್ಲ, ಎರಡೂ ಕಡೆ ಕುಡಿಸಬೇಕು, ರಾತ್ರಿಯೂ ಕುಡಿಸಬೇಕು. ಎದೆ ಬಿಗಿದು ತೊಟ್ಟು ಮಗುವಿನ ಬಾಯಿಗೆ ಸಿಗದಿದ್ದರೆ, ಸಿಗುವಷ್ಟು ಮಾತ್ರ ಕೈಯಿಂದ ಮೆಲ್ಲಗೆ ಹಿಂಡಿ ಮೆತ್ತಗಾಗಿಸಿದರೆ ಸಾಕು. ಮಗುವಿಗೆ ಚೀಪುವ ಶಕ್ತಿಯಿಲ್ಲದಿದ್ದರೆ, ಹಿಂಡಿದ ಹಾಲನ್ನು ಕುದಿಸಿ ತೊಳೆದ ಒಳಲೆಯಿಂದಲೋ ಚಮಚದಿಂದಲೋ ಕುಡಿಸಬಹುದು. ಮುಚ್ಚಿಟ್ಟ ಹಾಲನ್ನು ಬೇಸಿಗೆಯಲ್ಲಿ ನಾಲ್ಕು ಗಂಟೆ ಮೀರಿ ಇಡಬಾರದು.

ಮಗು ಎದೆಗೆ ಅಂಟಿಕೊಳ್ಳುವ ಕ್ರಮವನ್ನೂ ನೋಡಬೇಕು. ತೊಟ್ಟನ್ನಷ್ಟೇ ಚೀಪಿದರೆ ತೊಟ್ಟು ಬಿರಿಯುತ್ತದೆ, ಹಾಲೂ ಸರಿಯಾಗಿ ಬರುವುದಿಲ್ಲ. ಮಗುವಿನ ಬಾಯಿ ಅಗಲವಾಗಿ ತೆರೆದು, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಹುಮಟ್ಟಿಗೆ ಒಳಗೆ ಹೋಗಿ, ಗದ್ದವು ಎದೆಗೆ ತಾಗಿರಬೇಕು; ಕೆಳದುಟಿ ಹೊರಕ್ಕೆ ಮಡಿಚಿರಬೇಕು. ಇದನ್ನು ಆಶಾ ಕಾರ್ಯಕರ್ತೆಯು ಎದುರಿಗೆ ಕುಳಿತು ತೋರಿಸಿಕೊಡುತ್ತಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಅವರು ಮನೆಗೆ ಬರುವುದು ಕ್ರಮ. ಬಂದಾಗ ಬಾಗಿಲಲ್ಲಿಯೇ ‘ಎಲ್ಲ ಚೆನ್ನಾಗಿದೆ’ ಎಂದು ಕಳುಹಿಸದೆ, ಒಳಗೆ ಕರೆದು ಕೂಡಿಸಿ ತೋರಿಸಿ.

ಬಿಗಿಯಾದ ಕುಪ್ಪಸ, ಎದೆಯ ಮೇಲೆ ಎಳೆದು ಕಟ್ಟಿದ ಬಟ್ಟೆ, ಒಂದೇ ಮಗ್ಗುಲಲ್ಲಿ ಒತ್ತಿ ಮಲಗುವುದು, ಮದುವೆ ಜಾತ್ರೆಗಳ ಗಡಿಬಿಡಿಯಲ್ಲಿ ಹಾಲು ಕುಡಿಸಲು ಮರೆಯುವುದು, ಇವೆಲ್ಲ ಗಂಟಿಗೆ ದಾರಿ. ಬಾಣಂತಿಗೆ ನೀರು ಕೊಡದೆ ಬಾಯಾರಿಸುವ ಪದ್ಧತಿಯಿಂದ ಯಾವ ಲಾಭವೂ ಇಲ್ಲ. ಬಾಯಾರಿಕೆಯಾದಷ್ಟೂ ನೀರು, ಸೊಪ್ಪು ಬೇಳೆ ಕೂಡಿದ ಹೊಟ್ಟೆ ತುಂಬ ಊಟ ಆಕೆಗೆ ಸಲ್ಲಬೇಕು.

ಗಂಡಂದಿರೇ, ಮದ್ದು ಮಾತ್ರೆಗಳಿಗಿಂತ ಮೊದಲು ಆಕೆಗೆ ಬೇಕಾದುದು ಎರಡು ದಿನಗಳ ವಿಶ್ರಾಂತಿ. ನೀರು ಸೇದುವುದು, ಕೊಟ್ಟಿಗೆಯ ಕೆಲಸ, ದೊಡ್ಡ ಮಗುವನ್ನು ನೋಡಿಕೊಳ್ಳುವುದು, ಇವನ್ನು ತಾವು ವಹಿಸಿಕೊಂಡರೆ ಯಾವ ಮಾನವೂ ಹೋಗದು. ಹೊಲಕ್ಕೆ ಹೋಗಲೇಬೇಕಾದ ದಿನಗಳಿದ್ದರೆ ಕೂಸನ್ನು ನಡುವೆ ಒಮ್ಮೆ ಹೊಲಕ್ಕೆ ಕರೆತನ್ನಿ, ಇಲ್ಲವೆ ಆಕೆಯನ್ನು ಮನೆಗೆ ಕಳುಹಿಸಿ. ನೋವಿಗೂ ಜ್ವರಕ್ಕೂ ಪ್ಯಾರಸಿಟಮಾಲ್ ಮಾತ್ರೆಯನ್ನು ಉಪಕೇಂದ್ರದ ಆರೋಗ್ಯ ಸಹಾಯಕಿಯನ್ನು, ಅಂದರೆ ತಾವು ನರ್ಸಮ್ಮ ಎಂದು ಕರೆಯುವವರನ್ನು ಕೇಳಿ ಪಡೆಯಬಹುದು. ಹಾಲುಣಿಸುವ ತಾಯಿಗೆ ಅದರಿಂದ ತೊಂದರೆಯಿಲ್ಲ. ಡಬ್ಬಿಯ ಹಾಲುಪುಡಿಯ ಮೇಲಿನ ಚಿತ್ರ ಮತ್ತು ಮಾತುಗಳಿಗೆ ಮರುಳಾಗಬೇಡಿ. ಶಿಶು ಹಾಲುಪುಡಿಯನ್ನೂ ಹಾಲಿನ ಸೀಸೆಗಳನ್ನೂ ಜಾಹೀರಾತು ಮಾಡುವುದನ್ನು ನಮ್ಮ ದೇಶದಲ್ಲಿ 1992ರ ಕಾನೂನು ನಿಷೇಧಿಸಿದೆ. 2003ರಲ್ಲಿ ಅದನ್ನು ಇನ್ನೂ ಬಿಗಿಗೊಳಿಸಲಾಯಿತು.

ಈ ಕ್ರಮದಿಂದ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಗಂಟು ಮೆತ್ತಗಾಗುತ್ತದೆ. ಆಗದಿದ್ದಾಗ ಕಾಯಬಾರದು. ಜ್ವರವು ಒಂದು ದಿನವಾದರೂ ಇಳಿಯದಿದ್ದರೆ, ಚಳಿ ನಡುಕ ಬಂದರೆ, ಕೆಂಪು ಹರಡುತ್ತ ಹೋದರೆ, ತೊಟ್ಟಿನಿಂದ ಕೀವು ಬಂದರೆ, ಗಂಟು ಒತ್ತಿದಾಗ ಒಳಗೆ ನೀರು ತುಂಬಿದಂತೆ ಅಲುಗಿದರೆ, ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ತಾಯಿ ಮಂಕಾಗಿ, ಮಾತು ತಡವರಿಸಿ, ತೀರ ನಿತ್ರಾಣಳಾಗಿದ್ದರೆ 108ಕ್ಕೆ ಕರೆ ಮಾಡಿ ವಾಹನ ತರಿಸಿಕೊಳ್ಳಬೇಕು. ಸೋಂಕು ತಗುಲಿದೆಯೆಂದು ಕಂಡರೆ ವೈದ್ಯರು ಹಾಲುಣಿಸುವವರಿಗೆ ಹೊಂದುವ ಪ್ರತಿಜೀವಕ ಮಾತ್ರೆಗಳನ್ನು ಬರೆದುಕೊಡುತ್ತಾರೆ. ಎರಡು ದಿನಕ್ಕೆ ನೋವು ಹೋಯಿತೆಂದು ಉಳಿದ ಮಾತ್ರೆಗಳನ್ನು ಗೂಡಿನಲ್ಲಿಡದೆ, ಹೇಳಿದಷ್ಟು ದಿನವೂ ನುಂಗಿಸಬೇಕು. ಕೀವು ಕಟ್ಟಿದ್ದರೆ ಮಾತ್ರೆ ಮಾತ್ರ ಸಾಲದು. ಸೂಜಿಯಿಂದಲೋ ಸಣ್ಣ ಗಾಯ ಮಾಡಿಯೋ ತೆಗೆಯಬೇಕಾಗುತ್ತದೆ. ಊರಿನಲ್ಲಿ ಯಾರಿಂದಲೂ ಕೊಯ್ಯಿಸಬೇಡಿ. ಕೀವು ತೆಗೆದ ಮೇಲೂ ಹಾಲು ಕುಡಿಸುವುದನ್ನು ಮುಂದುವರಿಸಬಹುದು. ಹೇಗೆಂಬುದನ್ನು ವೈದ್ಯರು ತಿಳಿಸುತ್ತಾರೆ.

ಎಚ್.ಐ.ವಿ. ಸೋಂಕಿಗೆ ಚಿಕಿತ್ಸೆ ಪಡೆಯುತ್ತಿರುವ ತಾಯಿಗೆ ಎದೆಬಾವು ಬಂದರೆ ಅಥವಾ ತೊಟ್ಟು ಬಿರಿದು ರಕ್ತ ಬಂದರೆ, ಆ ಕಡೆ ಕುಡಿಸುವುದಕ್ಕೆ ಮುಂಚೆ ತನ್ನ ಚಿಕಿತ್ಸಾ ಕೇಂದ್ರದವರನ್ನು ಕೇಳತಕ್ಕದ್ದು. ಅವರಿಗೆ ನಿಯಮ ಬೇರೆ. ಹಾಗೆಯೇ, ನೋವೂ ಇಲ್ಲ ಜ್ವರವೂ ಇಲ್ಲ, ಆದರೆ ಗಂಟು ಮಾತ್ರ ಎರಡು ವಾರ ಕಳೆದರೂ ಕರಗಲಿಲ್ಲವೆಂದರೆ, ‘ಹಾಲಿನ ಗಂಟು ತಾನೆ’ ಎಂದು ಸುಮ್ಮನಿರದೆ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ತೋರಿಸಿ. ಅದು ಬೇರೆ ಕಾಯಿಲೆಯ ಗಂಟೂ ಆಗಿರಬಹುದು. ಹೋಗುವಾಗ ತಾಯಿ ಕಾರ್ಡನ್ನೂ, ಮಗುವನ್ನೂ ಜೊತೆಯಲ್ಲಿ ಕರೆದೊಯ್ಯಿರಿ. ಮಗುವನ್ನು ಮನೆಯಲ್ಲಿ ಬಿಟ್ಟು ಹೋದರೆ, ಸರದಿಯಲ್ಲಿ ಕಾಯುವ ಹೊತ್ತಿಗೇ ಎದೆ ಮತ್ತೆ ಬಿಗಿಯುತ್ತದೆ.