ಒಂದೇ ಕಾಗದಕ್ಕೆ ಎರಡು ಖಾನೆ



ಇ-ಮೇಲ್ ತೆರೆದಾಗ ಪಕ್ಕದಲ್ಲಿ ಫೋಲ್ಡರ್‌ಗಳ ಸಾಲು ಕಾಣುತ್ತದಲ್ಲ, ಅದರ ಹಿರಿಯಣ್ಣನನ್ನು ನೋಡಬೇಕಾದರೆ ರೈಲಿನ ಅಂಚೆ ಡಬ್ಬಿ ಹತ್ತಬೇಕು. ಓಡುವ ರೈಲಿನಲ್ಲೇ ಕಾಗದ ವಿಂಗಡಿಸುವ ಪ್ರಯೋಗ ನಮ್ಮ ದೇಶದಲ್ಲಿ ಶುರುವಾದದ್ದು 1863ರಲ್ಲಿ, ಅಲಹಾಬಾದ್–ಕಾನ್ಪುರ ನಡುವೆ. ಡಬ್ಬಿಯ ಗೋಡೆಗೆ ಸಾಲುಸಾಲು ಖಾನೆಗಳು. ಆರ್‌ಎಂಎಸ್ ಅಂದರೆ ರೈಲ್ವೆ ಅಂಚೆ ಸೇವೆಯ ಸಾರ್ಟರುಗಳು ನಿಂತಲ್ಲೇ ವಿಳಾಸ ಓದಿ ಕಾಗದವನ್ನು ಅದರದರ ಖಾನೆಗೆ ಸೇರಿಸುತ್ತಿದ್ದರು.

ಆದರೆ ಒಂದೇ ಹೆಸರಿನ ಊರುಗಳೆಷ್ಟು, ವಿಳಾಸ ಬರೆಯುವ ಲಿಪಿಗಳೆಷ್ಟು! ಈ ಗೋಜಲು ಬಿಡಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್. ಅಂಚೆ ಇಲಾಖೆಯ ದೊಡ್ಡ ಅಧಿಕಾರಿ, ಜೊತೆಗೆ ಸಂಸ್ಕೃತ ಕವಿ. ಇತ್ತ ಕಡೆಯಿಂದ ಓದಿದರೆ ರಾಮ, ಅತ್ತ ಕಡೆಯಿಂದ ಓದಿದರೆ ಕೃಷ್ಣ, ಅಂಥ ವಿಲೋಮ ಕಾವ್ಯ ಬರೆದವರು. 1972ರ ಆಗಸ್ಟ್ 15ರಂದು ಅವರ ಪಿನ್‌ಕೋಡ್ ಜಾರಿಗೆ ಬಂತು. ನಮ್ಮೂರುಗಳನ್ನೇ ನೋಡಿ: ಕಡೂರು 577548, ಅಜ್ಜಂಪುರ 577547, ತರೀಕೆರೆ 577228. ಮೂರೂ ಒಂದೇ ಜಿಲ್ಲೆಯವು, ಮೊದಲ 577 ಮೂರಕ್ಕೂ ಒಂದೇ. ಆಮೇಲೆ ತರೀಕೆರೆ ಶಿವಮೊಗ್ಗದ ಸಾಲಿಗೆ ಸರಿಯುತ್ತದೆ, ಉಳಿದೆರಡು ಚಿತ್ರದುರ್ಗದ ಸಾಲಿಗೆ. ಜಿಲ್ಲೆಯ ಗಡಿ ನಕ್ಷೆಗಿರಲಿ, ಕಾಗದಕ್ಕೆ ಬೇಕಾದದ್ದು ದಾರಿ. ಈ ಸಂಖ್ಯೆಗಳನ್ನು ಓದಿದಾಗೆಲ್ಲ ನನಗೆ ರೋಮಾಂಚನವಾಗುತ್ತದೆ.

ಇನ್ನು ಕಂಪ್ಯೂಟರಿನ ಕಾಲಕ್ಕೆ ಬರೋಣ. ಬೆಂಗಳೂರಿನಲ್ಲಿ ಓದಿದ ಸಬೀರ್ ಭಾಟಿಯಾ, ಗೆಳೆಯ ಜಾಕ್ ಸ್ಮಿತ್ ಜೊತೆ 1996ರ ಜುಲೈ 4ರಂದು ಹಾಟ್‌ಮೇಲ್ ಎಂಬ ಇ-ಮೇಲ್ ಸೇವೆ ತೆರೆದರು. ಮರುವರ್ಷವೇ ಅದು ಮೈಕ್ರೋಸಾಫ್ಟ್ ಪಾಲಾಯಿತು. ಆಗ ಸಿಗುತ್ತಿದ್ದ ಜಾಗ 2 ಎಂಬಿ. ಅಷ್ಟರಲ್ಲೇ ಅಳಿಸಿ, ಜೋಡಿಸಿ, ಫೋಲ್ಡರ್‌ಗೆ ಸೇರಿಸಿ ಬಾಳಬೇಕು. ಫೋಲ್ಡರ್ ಎಂದರೆ ರೈಲಿನ ಖಾನೆಯೇ: ಕಾಗದ ಇಲ್ಲಿಗೆ ಹೋಯಿತೆಂದರೆ ಅಲ್ಲಿ ಇರುವಂತಿಲ್ಲ.

ಆ ಕಟ್ಟು ಮುರಿದದ್ದು 2004ರ ಏಪ್ರಿಲ್ 1ರಂದು ಬಂದ ಜಿಮೇಲ್. ಗೂಗಲ್‌ನ ಎಂಜಿನಿಯರ್ ಪಾಲ್ ಬುಕೈಟ್ ಕಟ್ಟಿದ್ದು. ಫೋಲ್ಡರ್ ಬದಲು ಲೇಬಲ್. ತೋಟದ ಪಂಪ್‌ಸೆಟ್ಟಿನ ಬಗ್ಗೆ ವಿದ್ಯುತ್ ಕಂಪನಿ ಮೆಸ್ಕಾಂ ಬರೆದ ಒಂದೇ ಪತ್ರಕ್ಕೆ ‘ತೋಟ’ ಎಂದೂ ‘ಕರೆಂಟು’ ಎಂದೂ ಎರಡು ಚೀಟಿ ಅಂಟಿಸಬಹುದು. ವೇಲಣಕರರ ಪದ್ಯದ ಹಾಗೆ, ಎರಡು ಕಡೆಯಿಂದಲೂ ಸಿಗುತ್ತದೆ!

ಆದರೆ ಅದೇ ದಿನ 1 ಜಿಬಿ ಜಾಗವೂ ಹುಡುಕುವ ಪಟ್ಟಿಯೂ ಬಂದವು. ಜನ ಜೋಡಿಸುವುದನ್ನೇ ಬಿಟ್ಟರು. ಅದು ನನಗೆ ನಿಜಕ್ಕೂ ಸಂಕಟ. ಹುಡುಕಬೇಕಾದರೆ ಇಂಥದ್ದೊಂದು ಇದೆಯೆಂದು ನೆನಪಿರಬೇಕಲ್ಲ. ಮರೆತ ಪತ್ರವನ್ನು ಯಾವ ಪದ ಒತ್ತಿ ಹುಡುಕುತ್ತೀರಿ? ಜೋಡಿಸಲು ಬೇಸರವಾದರೆ ಜಿಮೇಲ್‌ನಲ್ಲಿ ಫಿಲ್ಟರ್ ಎಂಬುದಿದೆ. ಇಂಥವರಿಂದ ಬಂದರೆ ಇಂಥ ಲೇಬಲ್ ಎಂದು ಒಮ್ಮೆ ಹೇಳಿಟ್ಟರೆ ಸಾಕು, ನೀವು ಮಲಗಿದ್ದಾಗಲೂ ವಿಂಗಡಣೆ ನಡೆಯುತ್ತದೆ. ಮೆಸ್ಕಾಂ ಬಿಲ್ಲಿನಿಂದಲೇ ಶುರು ಮಾಡಿ.